ದೊಡ್ಡಮ್ಮನ ನಡಿಗೆ

ನಮ್ಮ ದೊಡ್ಡಮ್ಮನ ನಡಿಗೆಯನ್ನು ಈ ಕಡೆಯ ಜನ ಟಿಕೆಟ್ ಕೊಂಡು ನೋಡಿದ್ದಾರೆ! ದೊಡ್ಡಮ್ಮನನ್ನು ಮಾತ್ರ ಯಾರೂ ನೋಡಿಲ್ಲ.

ವಿಷಯ ಇಷ್ಟೆ. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ನಾಟಕದಲ್ಲಿ ಹೆಣ್ಣು ಪಾತ್ರ ಹಾಕಿ ಭಾರೀ ಹೆಸರು ಮಾಡಿದವನು. ರಂಗದ ಮೇಲೆ ಅವನು ಸೊಂಟಕ್ಕೆ ಸೆರಗು ಸಿಕ್ಕಿಸಿ, ಮೂತಿ ತಿರುವಿ, ಅಕ್ಕನ ಹಾಗೇ ನಾಲ್ಕು ಹೆಜ್ಜೆ ಹಾಕಿದರೆ ಚಪ್ಪಾಳೆಯೋ ಚಪ್ಪಾಳೆ. ಮತ್ತೋಡಿನ ತವರುಮನೆಯಲ್ಲಿ ದೊಡ್ಡಮ್ಮ ಅದನ್ನೇ ಮಾಡಿದಾಗ ಸಿಕ್ಕಿದ್ದು ಅಜ್ಜಿಯ ಬೈಗುಳ! ಸಾಲದ್ದಕ್ಕೆ ಅವಳ ಮದುವೆ ಸೀರೆಯನ್ನೂ ಮಾವ ನಾಟಕಕ್ಕೆ ಒಯ್ದ. "ನನಗಿಂತ ನನ್ನ ಸೀರೇನೇ ಜಾಸ್ತಿ ಊರು ನೋಡೈತೆ" ಎನ್ನುತ್ತಾಳೆ.

ಒಮ್ಮೆ ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಾವನ ಅಭಿಮಾನಿಯೊಬ್ಬ ಅವಳನ್ನು ತಡೆದ.

"ಏನಮ್ಮಾ, ಥೇಟ್ ಅವರಂಗೇ ನಡೀತೀರಲ್ರೀ! ಎಲ್ಲಿ ಕಲಿತ್ರಿ?"

"ಅವನಿಗೆ ನಡೆಯಾಕೆ ಬರೋ ಮುಂಚೆ ನಾನೇ ಅವನ್ನ ಎತ್ಕಂಡು ನಡೀತಿದ್ದೆ ಕಣಪ್ಪ!"

ಆತ ನಂಬಬೇಕಲ್ಲ? "ಮಿಮಿಕ್ರಿ ಚೆನ್ನಾಗೈತೆ" ಎಂದು ಕೈಮುಗಿದು ಹೋದ.

ಆಮೇಲೆ ಚಿತ್ರದುರ್ಗದಲ್ಲಿ ಮಾವನಿಗೆ ಸನ್ಮಾನ. "ಎಷ್ಟೋ ಹೆಣ್ಣುಮಕ್ಕಳನ್ನ ನೋಡಿ ಕಲಿತೆ" ಎಂದು ಅವನು ಮೈಕಿನಲ್ಲಿ ಹೇಳಿದ್ದೇ ತಡ, ಎರಡನೇ ಸಾಲಿನಲ್ಲಿ ದೊಡ್ಡಮ್ಮ ಎದ್ದು ನಿಂತಳು.

"ಎಷ್ಟು ಜನ ಲೇ? ಹೆಸರು ಹೇಳು!"

"ಕುಂತ್ಕಳಕ್ಕ" ಎಂದ ಮಾವ, ಬೆವರೊರೆಸುತ್ತ. ಸಭೆ ಬಿದ್ದು ಬಿದ್ದು ನಕ್ಕಿತು. ಇದೂ ಕಾರ್ಯಕ್ರಮದ ಭಾಗವೆಂದೇ ತಿಳಿಯಿತು! ದೊಡ್ಡಮ್ಮ ನಗಲಿಲ್ಲ. ಅವತ್ತಿನಿಂದ ತಮ್ಮನ ಜೊತೆ ಮಾತು ಬಿಟ್ಟಳು.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಹೆಂಡತಿ ಮಕ್ಕಳಿಲ್ಲದ ಜೀವ. ಶಾಲು ಹೊದಿಸಿದವರು ಆಸ್ಪತ್ರೆಗೊಮ್ಮೆ ಬಂದು, ಹಣ್ಣಿಟ್ಟು ಹೋದರು. ಹೊಸದುರ್ಗದ ತನ್ನ ಮನೆಗೆ ಅವನನ್ನು ಕರೆತಂದವಳು ದೊಡ್ಡಮ್ಮನೇ.

"ಮಾತು ಬಿಟ್ಟಿದ್ದೆಯಲ್ಲ ದೊಡ್ಡಮ್ಮ?" ಎಂದೆ.

"ಈಗೆಲ್ಲಿ ಮಾತಾಡ್ತೀನಿ? ಬೈತೀನಿ ಅಷ್ಟೆ!"

ಮೊನ್ನೆ ನಾನು ಹೋದಾಗ ಅವನ ಮುಂದೆ ರಾಗಿ ಗಂಜಿಯ ಬಟ್ಟಲು ಕುಕ್ಕಿ, "ಕುಡಿ" ಎಂದು ಗದರಿದಳು. ಮಾವ ಅವಳ ಮುಖವನ್ನೇ ನೋಡಿದ. ತುಟಿ ಬಹಳ ಹೊತ್ತು ಒದ್ದಾಡಿತು.

"ಅಕ್ಕಾ... ಉಂಡ್ಯಾ?"

ಕಾಯಿಲೆ ಬಿದ್ದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ದೊಡ್ಡಮ್ಮ ಇನ್ನೂ ಉಂಡಿರಲಿಲ್ಲ. ಅವನು ಎಡಗೈಯಿಂದ ಬಟ್ಟಲನ್ನು ಅವಳತ್ತ ತಳ್ಳಿದ. ಅರ್ಧ ಗಂಜಿ ಚಾಪೆಯ ಮೇಲೆ ಚೆಲ್ಲಿತು.

ಅವಳು ಅವನ ಪಕ್ಕ ಕುಳಿತು, ಉಳಿದದ್ದನ್ನು ಕುಡಿದಳು.