ಹಸಿರು ಶಾಯಿಯಲ್ಲಿ ತಿದ್ದಿದ ಬಯೋಡಾಟಾ

ನನ್ನ ಚಿಕ್ಕಪ್ಪನಷ್ಟು ಅಪಾಯಕಾರಿ ಮನುಷ್ಯ ಇಡೀ ದೆಹಲಿಯಲ್ಲಿ ಇನ್ನೊಬ್ಬರಿಲ್ಲ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಹೊಡೆಯುವವರಲ್ಲ, ಬೈಯುವವರೂ ಅಲ್ಲ. ನೀವು ಏನೇ ಹೇಳಿದರೂ ಕನ್ನಡಕದ ಮೇಲಿಂದ ನೋಡಿ "ದಾಖಲೆ?" ಎನ್ನುತ್ತಾರೆ. ಅಷ್ಟೇ! ಆಮೇಲೆ ನಿಮ್ಮ ಮಾತಿನ ಮೇಲೆ ನಿಮಗೇ ಅನುಮಾನ ಶುರುವಾಗುತ್ತದೆ. ಸರ್ಕಾರಿ ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಬೇರೆಯವರ ಕಡತಗಳಿಗೆ ಹಸಿರು ಶಾಯಿಯಲ್ಲಿ ಆಕ್ಷೇಪಣೆ ಬರೆದ ಕೈ ಅದು. ಸಂಜೆ ಜನಕಪುರಿಯ ಮನೆಗೆ ಬಂದ ಮೇಲೂ ಆ ಪೆನ್ನು ಜೇಬಿನಲ್ಲೇ ಇರುತ್ತಿತ್ತು.

ತರಕಾರಿ ಗಾಡಿಯವನು "ಬಿಲ್ಕುಲ್ ತಾಜಾ ಹೈ ಸಾಬ್" ಎಂದರೆ ಮುಗಿಯಿತು. "ಕಬ್ ತೋಡಾ? ಕಿಸ್‌ನೇ ದೇಖಾ?" ಕಿತ್ತದ್ದು ಯಾವಾಗ, ನೋಡಿದವರು ಯಾರು! ಪಾಪ, ಆ ಭಯ್ಯಾ ಎಷ್ಟು ದಿನ ತಡೆದಾನು? ಕೊನೆಕೊನೆಗೆ ಚಿಕ್ಕಪ್ಪನನ್ನು ದೂರದಲ್ಲಿ ಕಂಡ ಕೂಡಲೇ "ಬಾಸೀ ಹೈ ಸಾಬ್, ಕಲ್ ಕೀ ಹೈ!" ಎಂದು, ಬಾಡಿದ ನಿನ್ನೆಯ ಮಾಲೆಂದು ತಾನೇ ತಪ್ಪೊಪ್ಪಿಕೊಳ್ಳುತ್ತಿದ್ದ. ಚಿಕ್ಕಪ್ಪ ಸಂತೋಷದಿಂದ ಒಂದು ಕಿಲೋ ಬೆಂಡೆಕಾಯಿ ತರುತ್ತಿದ್ದರು.

ಚಿಕ್ಕಮ್ಮನದು ಬೇರೆಯೇ ಗೋಳು. "ಮದುವೆಯಾದಾಗಿನಿಂದ ಒಂದು ದಿನ ಸಾರು ಚೆನ್ನಾಗಿದೆ ಅಂದಿದ್ದೀರೇನ್ರೀ?"

"ಎರಡು ಸಲ ಬಡಿಸಿಕೊಂಡೆನಲ್ಲ. ಅದು ದಾಖಲೆ ಅಲ್ವಾ?"

ಇಂಥವರ ಕೈಗೆ ನನ್ನ ಬಯೋಡಾಟಾ ಕೊಟ್ಟೆನಲ್ಲ, ನನ್ನ ಬುದ್ಧಿಗೆ ಏನು ಹೇಳಲಿ! ಆಗ ನಾನು ದೆಹಲಿಯಲ್ಲಿ ಎಂ.ಎ. ಮೊದಲ ವರ್ಷದಲ್ಲಿದ್ದೆ. ವಾಸ ಹಾಸ್ಟೆಲ್ಲಿನಲ್ಲಿ, ಭಾನುವಾರದ ಊಟ ಚಿಕ್ಕಪ್ಪನ ಮನೆಯಲ್ಲಿ. ಆ ಮಾರ್ಚಿನಲ್ಲಿ ಊರಿನಿಂದ ಅಪ್ಪನ ಕಾಗದ ಬಂತು. ಅವರು ನಿವೃತ್ತರಾಗಿದ್ದರು, ತಮ್ಮನ ಮುಂದೆ ಕೈ ಚಾಚಲು ಸ್ವಾಭಿಮಾನ ಬಿಡುತ್ತಿರಲಿಲ್ಲ. "ರಜೆಯಲ್ಲಿ ನಿನ್ನ ಖರ್ಚಿಗೆ ನೀನೇ ದುಡಿದುಕೊಂಡರೆ ಎರಡನೇ ವರ್ಷ ಓದು. ಇಲ್ಲದಿದ್ದರೆ ಊರಿಗೆ ಬಂದುಬಿಡು ಮಗಳೇ." ಓದಿ ಹಾಸ್ಟೆಲ್ಲಿನ ಬಾತ್‌ರೂಮಿನಲ್ಲಿ ಅತ್ತೆ. ಓದು ಬಿಟ್ಟು ಹೋಗಲು ನನಗೆ ಸುತಾರಾಂ ಇಷ್ಟವಿರಲಿಲ್ಲ.

ಸೈಬರ್ ಕೆಫೆಯಲ್ಲಿ ಕೂತು ಹನ್ನೊಂದು ಕಡೆ ಇಂಟರ್ನ್‌ಶಿಪ್ಪಿಗೆ ಅರ್ಜಿ ಹಾಕಿದೆ. ಎಂಟು ಕಡೆಯಿಂದ ಉಸಿರೇ ಇಲ್ಲ. ಉಳಿದ ಮೂರು ಕಡೆಯವರು ಬನ್ನಿ ಎಂದರು; ಸಂಬಳವಿಲ್ಲ, ಅನುಭವ ಸಿಗುತ್ತದಂತೆ. ಅನುಭವ ಕೊಟ್ಟರೆ ಮೆಸ್ಸಿನವನು ಊಟ ಹಾಕುತ್ತಾನೆಯೇ?

ಚಿಕ್ಕಪ್ಪ ಬಯೋಡಾಟಾವನ್ನು ಊಟದ ಮೇಜಿನ ಮೇಲೆ ಹರಡಿ ಪೆನ್ನು ತೆಗೆದರು.

"ನಾಯಕತ್ವದ ಗುಣ ಅಂತ ಬರೆದಿದ್ದೀಯ. ಯಾರು ನಿನ್ನ ಹಿಂದೆ ಬಂದರು? ಹೆಸರು, ವಿಳಾಸ?"

"ಎಲ್ಲರೂ ಹಾಗೇ ಬರೀತಾರೆ ಚಿಕ್ಕಪ್ಪ!"

"ಎಲ್ಲರಿಗೂ ಕೆಲಸ ಸಿಕ್ಕಿದೆಯಾ?" ಗೀಟು. "ಕಠಿಣ ಪರಿಶ್ರಮಿ. ದಾಖಲೆ?" ಗೀಟು. "ಹವ್ಯಾಸ, ಈಜು. ಎಲ್ಲಿ ಈಜಿದೆ?"

ನಾನು ಈಜಿದವಳೇ ಅಲ್ಲ. ಗೀಟು. ಉಳಿದದ್ದು ನನ್ನ ಹೆಸರು, ಹುಟ್ಟಿದ ದಿನ ಮತ್ತು ಅಂಕಗಳು.

"ಇದನ್ನ ಕೊಟ್ಟರೆ ಕೆಲಸ ಸಿಗಲ್ಲ, ರೇಷನ್ ಕಾರ್ಡ್ ಸಿಗುತ್ತೆ!" ಎಂದು ಅರಚಿ, ಊಟವನ್ನೂ ಮಾಡದೆ ಹೊರಟೆ. ಹಾಸ್ಟೆಲ್ ಗೇಟಿನ ಕಾವಲುಗಾರ ಎಂದಿನಂತೆ "ಆ ಗಯೀ ಬಿಟಿಯಾ?", ಬಂದೆಯಾ ಮಗಳೇ, ಎಂದು ಫೋನಿನ ಕಡೆ ಕೈ ಚಾಚಿದ. ಭಾನುವಾರ ನಾನು ಬರುವ ಹೊತ್ತಿಗೇ ಅವನಿಗೆ ಯಾರಿಗೋ ಫೋನು ಮಾಡುವುದಿರುತ್ತಿತ್ತು.

ಮುಂದಿನ ಭಾನುವಾರ ಹೋಗಬಾರದೆಂದಿದ್ದೆ. ಚಿಕ್ಕಮ್ಮನ ಸಾರು ಎಳೆಯಿತು, ಹೋದೆ. ಚಿಕ್ಕಪ್ಪ ಒಂದು ಕಡತ ಮುಂದಿಟ್ಟರು. "ಬಿಟ್ಟುಹೋದ ಬಾಬತ್ತುಗಳು," ಎಂದರು. ಒಂದು: ಮೇಲಿನ ಮನೆಯ ಅಜ್ಜಿ ಬೀಜಿಗೆ ಪಿಂಚಣಿ ಅರ್ಜಿ ಹಿಂದಿಯಲ್ಲಿ ಬರೆದುಕೊಟ್ಟು, ಕಚೇರಿಗೂ ಕರೆದುಕೊಂಡು ಹೋದದ್ದು, ಹಾಗೆಂದು ಬೀಜಿ ಹೆಬ್ಬೆಟ್ಟು ಒತ್ತಿದ ಚೀಟಿ ಸಮೇತ. ಎರಡು: ಕ್ಲಾಸಿನವರ ಜೊತೆ ಯಮುನೆಯಾಚೆಯ ಬಡವರ ಬಸ್ತಿಯೊಂದರಲ್ಲಿ ಮನೆಮನೆಗೆ ಹೋಗಿ ನಲ್ಲಿ ನೀರು ಯಾವಾಗ ಬರುತ್ತದೆಂದು ಕೇಳಿ ಬರೆದ ನೋಟ್‌ಬುಕ್. ಅದರ ಮೇಲೆ ಚಿಕ್ಕಮ್ಮ ಬಿಸಿ ಪಾತ್ರೆ ಇಡುತ್ತಿದ್ದರು, ನನಗೇ ಮರೆತುಹೋಗಿತ್ತು. ಮೂರು: ಬರುತ್ತೇನೆಂದ ಹೊತ್ತಿಗೆ ಒಂದು ಭಾನುವಾರವೂ ತಪ್ಪದೆ ಬಂದದ್ದು. ದಾಖಲೆ, ಅವರ ಡೈರಿ.

"ನಾನು ಬರೋ ಹೊತ್ತು ಬರೆದಿಡ್ತೀರಾ? ನಾನೇನು ನಿಮ್ಮ ಆಫೀಸಿನ ಗುಮಾಸ್ತೆಯಾ?" ರೇಗಿಹೋಯಿತು. ಆದರೂ ಬೇರೆ ಗತಿಯಿರಲಿಲ್ಲ. ಮೂರೂ ಸಾಲು ಸೇರಿಸಿ, ನಗರದ ನೀರಿನ ಬಗ್ಗೆ ಅಧ್ಯಯನ ಮಾಡುವ ಒಂದು ಸಂಸ್ಥೆಗೆ ಅರ್ಜಿ ಕಳಿಸಿದೆ. ಹತ್ತು ದಿನಕ್ಕೆ ಸಂದರ್ಶನಕ್ಕೆ ಕರೆ ಬಂತು!

"ಮೂಲಪ್ರತಿಗಳನ್ನೇ ತಗೊಂಡು ಹೋಗು," ಎಂದು ಚಿಕ್ಕಪ್ಪ ಡೈರಿಯನ್ನೂ ಚೀಲಕ್ಕೆ ತುರುಕಿದರು. ಸಿಟ್ಟಿಗೆ ನಾನದನ್ನು ತೆರೆದೂ ನೋಡಲಿಲ್ಲ.

ಸಂದರ್ಶನದ ಮೇಡಂ ಬೀಜಿಯ ಹೆಬ್ಬೆಟ್ಟು ನೋಡಿ ನಕ್ಕರು. ನೋಟ್‌ಬುಕ್ ತೆರೆದವರು ಒಂದು ಪುಟದಲ್ಲಿ ನಿಂತರು. "ಇಲ್ಲಿ ಏಳು ಮನೆ ಖಾಲಿ ಬಿಟ್ಟಿದ್ದೀಯಲ್ಲ?"

"ಮೂರು ಸಲ ಹೋದೆ ಮೇಡಂ. ಬಾಗಿಲು ತೆಗೆಯಲಿಲ್ಲ."

"ಏನೋ ಒಂದು ತುಂಬಿಸಬಹುದಿತ್ತು."

"ದಾಖಲೆ ಇರಲಿಲ್ಲ," ಎಂದುಬಿಟ್ಟೆ. ನನ್ನ ಬಾಯಿಂದಲೇ! ನಾಲಿಗೆ ಕಚ್ಚಿಕೊಂಡೆ.

ಅವರು ನೋಟ್‌ಬುಕ್ ಮುಚ್ಚಿ, "ಇಂಥ ಖಾಲಿ ಜಾಗ ಬಿಡುವವರೇ ನಮಗೆ ಬೇಕು," ಎಂದರು. ಡೈರಿಯನ್ನು ಕೇಳಲೇ ಇಲ್ಲ. ಬೇಸಿಗೆಯ ಎರಡು ತಿಂಗಳು ಕೆಲಸ, ಸ್ಟೈಪೆಂಡ್ ಸಮೇತ. ಪತ್ರ ಅಲ್ಲೇ ಕೈಗೆ ಬಂತು.

ಜನಕಪುರಿಯ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಖುಷಿಗೆ ಏನು ಮಾಡಬೇಕೋ ತಿಳಿಯದೆ ಡೈರಿ ತೆರೆದೆ. ಪ್ರತಿ ಭಾನುವಾರದ ಪುಟದಲ್ಲೂ ಹಸಿರು ಶಾಯಿಯ ಮೂರು ಸಾಲು: ಬಂದಳು, ಹೊರಟಳು, ತಲುಪಿದಳು. ತಲುಪಿದಳು? ಹಾಸ್ಟೆಲ್ ತಲುಪಿ ನಾನು ಒಂದು ದಿನವೂ ಫೋನು ಮಾಡಿದವಳಲ್ಲ. ಆಗ ಗೇಟಿನಲ್ಲಿ ಫೋನಿನ ಕಡೆ ಚಾಚುತ್ತಿದ್ದ ಕಾವಲುಗಾರನ ಕೈ ನೆನಪಾಯಿತು. ಜನವರಿಯ ಒಂದು ಪುಟ ಬಂತು. ಅವತ್ತು ಮಂಜು ಕವಿದು ಬಸ್ಸು ದಾರಿಯಲ್ಲೇ ನಿಂತಿತ್ತು. 7.00, ತಲುಪಿಲ್ಲ. 7.15, ತಲುಪಿಲ್ಲ. 7.30, ತಲುಪಿಲ್ಲ. 7.45, ತಲುಪಿಲ್ಲ. ಅಕ್ಷರಗಳು ಸಾಲಿನಿಂದ ಸಾಲಿಗೆ ಸೊಟ್ಟಗಾಗುತ್ತಾ ಹೋಗಿದ್ದವು. ಕೊನೆಗೆ, 7.50, ತಲುಪಿದಳು. ಅದರ ಕೆಳಗೆ ಎರಡು ಗೀಟು. ಮುಂದಿನ ಭಾನುವಾರ ಅವರು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಪಕ್ಕದ ಹೆಂಗಸು "ಕ್ಯಾ ಹುವಾ ಬೇಟಾ?" ಎಂದು ಕೇಳುವಷ್ಟು ಅತ್ತೆ.

ಮನೆಯಲ್ಲಿ ಚಿಕ್ಕಪ್ಪ ಪತ್ರವನ್ನು ಎರಡು ಸಲ ಓದಿದರು. "ಸ್ಟೈಪೆಂಡ್ ಅಂತಿದೆ. ಯಾವ ತಾರೀಖಿಗೆ ಅಂತಿಲ್ಲ."

"ಅಯ್ಯೋ, ಹುಡುಗಿ ಬಾಯಿಗೆ ಸಕ್ಕರೆ ಹಾಕೋದು ಬಿಟ್ಟು!" ಎಂದು ಚಿಕ್ಕಮ್ಮ ಒಳಗೆ ಓಡಿದರು.

ನಾನು ಹೇಳಿಯೇಬಿಟ್ಟೆ. "ಚಿಕ್ಕಪ್ಪ, ನಿಮಗೆ ನನ್ನ ಮೇಲೆ ಪ್ರಾಣ."

ಅವರು ಅಭ್ಯಾಸಬಲದಿಂದ ಕನ್ನಡಕದ ಮೇಲಿಂದ ನೋಡಿ "ದಾ..." ಎಂದರು. ನನ್ನ ಕೈಯಲ್ಲಿದ್ದ ಡೈರಿ ಕಂಡಿತು. ಬಾಯಿ ಮುಚ್ಚಿ, ಕನ್ನಡಕ ತೆಗೆದು ಬನಿಯನ್ನಿನ ಅಂಚಿಗೆ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು.

ಆ ಸಂಜೆ ಹಾಸ್ಟೆಲ್ ಗೇಟಿನಲ್ಲಿ ಕಾವಲುಗಾರ ಫೋನಿಗೆ ಕೈ ಚಾಚುವ ಮೊದಲೇ ನಾನು ರಿಸೀವರ್ ಎತ್ತಿಕೊಂಡೆ.

"ಚಿಕ್ಕಪ್ಪ, ತಲುಪಿದೆ. ಬರ್ಕೊಳ್ಳಿ."

ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು. ಆಮೇಲೆ ಹೇಳಿದರು.

"ಬರ್ಕೊಂಡೆ ಮಗು."