ವೈಜನಾಥನ ಗುಪ್ತಪದ

ತರಬೇತಿಯ ಕೊನೆಯ ದಿನ ಹೈದರಾಬಾದಿನ ಮಾಸ್ತರು ಆಡಿದ ಒಂದು ಮಾತೇ ವೈಜನಾಥನಿಗೆ ಮುಳುವಾಯಿತು. “ಗುಪ್ತಪದ ಎಲ್ಲಿಯೂ ಬರೆಯಬೇಡಿ. ನಿಮಗೆ ಹೆಚ್ಚುಕಡಿಮೆಯಾದರೆ ಎಂದು ಇನ್ನೊಬ್ಬರಿಗೆ ಮಾತ್ರ ತಿಳಿಸಿಡಿ. ಅವರು ಸತ್ತರೂ ಬಾಯಿ ಬಿಡಬಾರದು.”

೧೯೮೭ರಲ್ಲಿ ಹುಮನಾಬಾದಿನ ಸಹಕಾರಿ ಸಂಘಕ್ಕೆ ಬಂದ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಮಹಾ ಬಿಗಿ. ಗುಪ್ತಪದ ಮೂರು ಸಲ ತಪ್ಪಿದರೆ ಮುನಿದ ಅಳಿಯನ ಹಾಗೆ ಇಡೀ ದಿನ ಮುಖ ತಿರುಗಿಸುತ್ತಿತ್ತು. ಅದಕ್ಕೆ ವೈಜನಾಥನೇ ನಿರ್ವಾಹಕ, ಅದೂ ತಾತ್ಕಾಲಿಕ. ತಪಾಸಣೆಯ ಸಾಹೇಬರು ಒಪ್ಪಿದರೆ ಕಾಯಂ. ಇಲ್ಲದಿದ್ದರೆ ಮತ್ತೆ ಹಳೆಯ ಟಪಾಲು ಮೇಜು, ಅಂಟಿನ ಡಬ್ಬಿ.

ಆ ಸೋಮವಾರ ಅವನು ಬಸವಕಲ್ಯಾಣದ ಶಾಖೆಗೆ ಹೋಗಿದ್ದಾಗ ಫೋನ್ ಬಂತು. ಆಚೆ ಮ್ಯಾನೇಜರ್ ಮಹಾರುದ್ರಪ್ಪ.

“ಸಾಹೇಬ್ರು ಬಂದು ಕುಂತಾರೋ! ಯಂತ್ರ ತೆರೀರಿ ಅನ್ನಾಕತ್ತಾರ. ಆ ಪದ ಜಲ್ದಿ ಹೇಳು!”

“ಫೋನಿನ್ಯಾಗ ಹ್ಯಾಂಗ ಹೇಳ್ಲಿರಿ? ಇಲ್ಲಿ ಹತ್ತು ಕಿವಿ ಅದಾವ. ಎಕ್ಸ್‌ಚೇಂಜಿನ್ಯಾಗ ಇನ್ನಾ ಎರಡು.”

“ಮತ್ಯಾರಿಗೆ ಗೊತ್ತದ?”

“ನನ್ನ ಹೆಂಡ್ತಿಗೆ. ಆಕಿ ಕುತಿಗಿಗೆ ಕತ್ತಿ ಹಿಡದ್ರೂ ಹೇಳಂಗಿಲ್ರಿ. ಪದಾನೇ ಹಂತಾದ್ದು ಇಟ್ಟೇನಿ!”

ಹೆಮ್ಮೆಯಿಂದ ಫೋನ್ ಇಟ್ಟನೇನೋ ನಿಜ, ಆದರೆ ಮಹಾರುದ್ರಪ್ಪ ಸುಮ್ಮನೆ ಕೂರುವ ಜೀವವಲ್ಲ. ವೈಜನಾಥ ತಾನೇ ಓಡಿಬರೋಣವೆಂದರೆ ಬಸ್ಸು ಇರಲಿಲ್ಲ. ಜೋಳದ ಕಣಕಿ ತುಂಬಿದ ಲಾರಿ ಹತ್ತಿದ. ಅದು ರಾಜೇಶ್ವರದ ಹತ್ತಿರ ಪಂಕ್ಚರ್ ಆಯಿತು. ತಲೆಯ ಮೇಲೆ ಗುಬ್ಬಿಗೂಡು ಹೊತ್ತವನಂತೆ ಅವನು ಕಚೇರಿ ಹೊಕ್ಕಾಗ ಅರ್ಧ ಓಣಿಯೇ ಅಲ್ಲಿತ್ತು. ನಡುವೆ ಹೆಂಡತಿ ಶಕುಂತಲಾಬಾಯಿ, ಮುಖದ ತುಂಬ ಸೆರಗು. ಪಕ್ಕದಲ್ಲಿ ಯಂತ್ರ, ಹಬ್ಬದ ಮನೆಯ ಕದದ ಹಾಗೆ ಹಾರುಹೊಡೆದು ತೆರೆದಿತ್ತು!

“ಹೇಳೇಬಿಟ್ಟಿಯೇನ?” ಎಂದು ವೈಜನಾಥ ಹೆಂಡತಿಯನ್ನು ಕೇಳಿದ.

“ಮಾಣಿಕಪ್ರಭುವಿನಾಣಿ, ನಾ ತುಟಿ ಪಿಟಕ್ಕಂದಿಲ್ರಿ!”

“ಖರೇ ಅದ ಭಾಯಿ,” ಎಂದಳು ಕಚೇರಿಯ ಬೀಗದ ಕೈ ಕಾಯುವ ಸರ್ದಾರಬಿ, ಎಲೆಯಡಿಕೆ ಕೆನ್ನೆ ಬದಲಿಸುತ್ತ. “ಮ್ಯಾನೇಜರ್ ಸಾಬ್ ಗದರಿದ್ರು, ಸಾಹೇಬ್ರು ಚಾ ತರಸಿದ್ರು, ಇಕಿ ಕಲ್ಲು! ‘ಬಾಯಾಗ ಬ್ಯಾಡ, ಕಿವ್ಯಾಗರ ಹೇಳು’ ಅಂದೆ. ಹೊಸ ಮದಲಗಿತ್ತಿಹಂಗ ನಾಚಿ ಸೆರಗು ಎಳಕೊಂಡ್ಳು. ಅರೆ, ಹೆಣ್ಮಗಳು ಹಿಂಗ ನಾಚಿ, ಜೀವ ಹೋದ್ರೂ ಅನ್ನದ ಮಾತು ದುನಿಯಾದಾಗ ಒಂದೇ ಅದ. ಗಂಡನ ಹೆಸರು! ‘ವೈಜನಾಥ ಅಂತ ಒತ್ರಿ’ ಅಂದೆ. ಖಟ್ ಅಂತ ತೆರೀತು!”

ಓಣಿಗೆ ಓಣಿಯೇ ನಕ್ಕಿತು. ಸಾಹೇಬರು ಮಾತ್ರ ನಗಲಿಲ್ಲ.

“ನೀವಿಲ್ಲದಾಗ ಇದು ತೆರೆಯುವುದಿಲ್ಲ ತಾನೇ ಎಂದು ನೋಡಲಿಕ್ಕೇ ನಾನು ಬಂದದ್ದು, ವೈಜನಾಥ.” ಅನಂತರ ಸರ್ದಾರಬಿಯತ್ತ ತಿರುಗಿದರು. “ಎಷ್ಟು ಓದೀರಿ?”

“ಮ್ಯಾಟ್ರಿಕ್ ಪಾಸ್ರಿ. ಯಾಕ್ರಿ?”

“ಬೀಗ ಕಾಯುವವರಿಗೆ ಕಳ್ಳನ ಬುದ್ಧಿ ಇರಬೇಕು.”

ಅಂದು ಸಂಜೆ ವೈಜನಾಥ ಹಳೆಯ ಟಪಾಲು ಮೇಜಿನ ಧೂಳು ಕೊಡವಿ, ಅಂಟಿನ ಡಬ್ಬಿ ತೆರೆದು, ಮೊದಲ ಲಕೋಟೆ ಅಂಟಿಸಿದ. ಒಳಗಿದ್ದದ್ದು ಸರ್ದಾರಬಿಯನ್ನು ಹೈದರಾಬಾದಿನ ತರಬೇತಿಗೆ ಕಳಿಸುವ ಹುಕುಂ.