ಗರಗದ ಕಡಲೆ ಹೊಲದಲ್ಲಿ ನಿಂತಿರುವ ಕೆಂಪು ಗುರುತಿಗೆ

ಗೋಪನಕೊಪ್ಪ, ಹುಬ್ಬಳ್ಳಿ
ಶನಿವಾರ, ೧೧ ಜನವರಿ ೨೦೨೫. ಅವ್ವ ತೀರಿಕೊಂಡು ಹದಿನೆಂಟು ದಿನ. ಆಕೆಯ ಮಾರ್ಫಿನ್ ಗುಳಿಗೆ ಇಪ್ಪತ್ತೆರಡು ಉಳಿದಿವೆ.

‘ಕಚೇರಿದಾರಿ’ ಜಾಲತಾಣದ ನಕಾಶೆಯ ಮೇಲೆ ವಿರಾಜಮಾನರಾದ ಮಾನ್ಯ ಕೆಂಪು ಗುರುತಿನವರೇ,

ಬೆರಳು ತಾಗಿದೊಡನೆ ಒಮ್ಮೆ ಕುಣಿದು ದರ್ಶನವಿತ್ತ ತಮಗೆ ನಮಸ್ಕಾರಗಳು. ‘ಕೇಂದ್ರ ಮಾದಕವಸ್ತು ನಿಯಂತ್ರಣ: ನಿಮ್ಮ ಸಮೀಪದ ಕಚೇರಿ. ಉಳಿದ ಔಷಧಗಳನ್ನು ಸ್ವೀಕರಿಸಲಾಗುವುದು’ ಎಂದು ತಾವು ತಿಳಿಸಿದ್ದನ್ನು ಓದಿ ಎಷ್ಟೋ ದಿನದ ಮೇಲೆ ನೆಮ್ಮದಿಯಾಗಿ ಚಹಾ ಕುಡಿದೆ. ಏಕೆಂದರೆ ನಮ್ಮ ಓಣಿಯಲ್ಲಿ ಒಂದು ಮನೆಯಲ್ಲಿ ಉಳಿದ ಗುಳಿಗೆ ಮೊಸರಿನ ಹೆಪ್ಪಿನಂತೆ ಇನ್ನೊಂದು ಮನೆಗೆ ಹೋಗುತ್ತದೆ. ಅವ್ವನಿಗೆ ಆರು ತಿಂಗಳು ಗಂಜಿ ಕುಡಿಸಿದ ಪಕ್ಕದ ಮನೆಯ ಲಕ್ಷ್ಮೀಬಾಯಿ ತಮ್ಮ ಮೊಣಕಾಲು ನೋವಿಗೆ ಇವನ್ನು ಕೇಳಿದ್ದಾರೆ. ಅವರಿಗೆ ಉಬ್ಬಸವಿದೆ, ಈ ಗುಳಿಗೆ ಅವರ ಉಸಿರನ್ನೇ ನಿಲ್ಲಿಸಬಹುದು. ಹಾಗೆಂದರೆ ನಂಬಲಿಲ್ಲ, ಆದ್ದರಿಂದ ಸರಕಾರಕ್ಕೆ ಒಪ್ಪಿಸಬೇಕು ಎಂದುಬಿಟ್ಟೆ. “ಸರಕಾರ ಒಲ್ಲೆ ಅಂದ್ರ ನಂಗ ಕೊಡವಾ, ನಾ ಏನ್ ಹೊರಗಿನಾಕಿ ಏನು?” ಎಂದರು.

ನಿನ್ನೆ ಧಾರವಾಡದಲ್ಲಿ ಬಸ್ಸು ಬದಲಿಸಿ, ಗರಗದಲ್ಲಿ ಇಳಿದು, ತಾವು ತೋರಿದ ದಾರಿಯನ್ನು ಎಲ್ಲಿಯೂ ಬಿಡದೆ ನಡೆದು, ‘ನೀವು ತಲುಪಿದ್ದೀರಿ’ ಎಂದು ತಾವು ಘೋಷಿಸಿದಾಗ ನಾನು ಕಾಯಿ ಹಿಡಿದ ಕಡಲೆಯ ನಡುವೆ ನಿಂತಿದ್ದೆ. ಹೊಲದ ಮಾಲೀಕ ಮಾಲತೇಶ ದೂರದಿಂದಲೇ ಕೂಗಿದರು: “ಆಫೀಸ್ ಹುಡುಕ್ಕೊಂಡ ಬಂದೀರೇನ್ರಿ ಅಕ್ಕಾರ? ಈ ತಿಂಗಳದಾಗ ನೀವು ಮೂರನೇದವ್ರು. ಮೊದಲಿನ ಇಬ್ಬರಿಗೆ ಸಾಹೇಬ್ರು ಊಟಕ್ಕ ಹೋಗ್ಯಾರ ಅಂತ ಚ್ಯಾಷ್ಟಿ ಮಾಡಿದೆ. ಖರೇ ಅಂತ ತಿಳದು ಸಂಜೀತನಕ ಕುಂತ್ರು ನೋಡ್ರಿ!”

ಸರದಿಯಿಲ್ಲದ, ಬೀಗವಿಲ್ಲದ, ‘ನಾಳೆ ಬನ್ನಿ’ ಎನ್ನಲು ಕೂಡ ಯಾರೂ ಇಲ್ಲದ ಇಂಥ ಕಚೇರಿಯನ್ನು ನಾನು ಈವರೆಗೆ ಕಂಡಿರಲಿಲ್ಲ. ಸಾರ್ವಜನಿಕ ಸೇವೆಯಾಗಿ ತಂಬಿಗೆ ನೀರು, ಒಂದು ಹಿಡಿ ಹಸಿ ಕಡಲೆ ದೊರೆತವು. ಇವು ತಮ್ಮ ಪಟ್ಟಿಯಲ್ಲಿಲ್ಲ, ದಯವಿಟ್ಟು ಸೇರಿಸಿಕೊಳ್ಳಬೇಕು. ಜೊತೆಗೆ, ತಾವು ಒಮ್ಮೆ ಕೃಪೆಮಾಡಿ ಗೋಪನಕೊಪ್ಪಕ್ಕೆ ಕುಣಿದು ಬಂದು, ಲಕ್ಷ್ಮೀಬಾಯಿಯವರ ಕಟ್ಟೆಯ ಮೇಲೆ ಅರ್ಧ ತಾಸು ನಿಂತು, ಗುಳಿಗೆಗಳನ್ನು ಸ್ವೀಕರಿಸಿ, ಮೊಹರು ಹಾಕಿದ ರಸೀದಿ ಕೊಟ್ಟು ಹೋಗಬೇಕೆಂದು ವಿನಂತಿ.

ತಮ್ಮನ್ನು ನಂಬಿ ಎರಡು ಬಸ್ಸು ಹತ್ತಿದ ವಿಶ್ವಾಸಿ,
ದ್ರಾಕ್ಷಾಯಿಣಿ

ಮೇಲೊಂದು ಮಾತು: ‘ಸೇವೆ ಹೇಗಿತ್ತು?’ ಎಂದು ತಮ್ಮ ಜಾಲತಾಣ ಕೇಳುತ್ತಿದೆ. ಐದು ನಕ್ಷತ್ರ ಕೊಟ್ಟಿದ್ದೇನೆ, ಮಾಲತೇಶರ ಹೆಸರಿಗೆ. ಗುಳಿಗೆಗಳನ್ನು ಸೋಮವಾರ ಅವ್ವನ ಡಾಕ್ಟರ ಕೈಗೇ ಕೊಡುವುದೆಂದು, ಅದಕ್ಕೂ ಮೊದಲು, ಸರಕಾರವನ್ನು ಅಡ್ಡ ತಾರದೆ, ಕೊಡಲೊಲ್ಲೆನೆಂದವಳು ನಾನೇ ಎಂದು ಲಕ್ಷ್ಮೀಬಾಯಿಯವರಿಗೆ ಹೇಳುವುದೆಂದು ತೀರ್ಮಾನಿಸಿದ್ದೇನೆ. ಅವರು ಹೊರಗೆ ಕುಳಿತು ಮೆಂತ್ಯೆಸೊಪ್ಪು ಸೋಸುತ್ತಿದ್ದಾರೆ. ಇನ್ನೂ ಹೇಳಿಲ್ಲ.